ಉಳ್ಳಾಗಡ್ಡಿ ಹೆಚ್ಚಿದಾಕೆ

ಪಾತ್ರೆಯ ಮುಚ್ಚಳ ತೆಗೆಯುತ್ತಲೇ ಸಾಲಿನ ಮುಂದಿದ್ದ ಹೆಂಗಸು ಕಣ್ಣು ಮುಚ್ಚಿ ಪಲಾವಿನ ಘಮವನ್ನು ಒಳಗೆಳೆದುಕೊಂಡಳು. ವಾಸ್ಕೋದ ಮದುವೆಯೊಂದರಲ್ಲಿ ಉಳಿದ ಊಟವನ್ನು ನಾವು ಗೆಳತಿಯರು ಸಡಾ ಗುಡ್ಡದ ಕೂಲಿಕಾರರಿಗೆ ಹಂಚಲು ತಂದಿದ್ದೆವು. ಇಳಿಹೊತ್ತಿನ ಮಬ್ಬು ಬೆಳಕಿನಲ್ಲಿ ಕೆಳಗಿನ ಬಂದರಿನ ಹಡಗುಗಳು ಆಕಾಶದಲ್ಲೇ ತೇಲುತ್ತಿರುವಂತೆ ಕಾಣುತ್ತಿದ್ದವು.

“ಇದಕ್ಕ ಉಳ್ಳಾಗಡ್ಡಿ ಹೆಚ್ಚಿದಾಕಿ ನಾನ್ರೀ ಅಕ್ಕಾರ. ಮುಂಜಾನಿಂದ ಬರೇ ವಾಸನಿ ಕುಡದೇನಿ,” ಎಂದು ನಕ್ಕಳು.

“ಅಲ್ಲೇ ಉಣ್ಣಲಿಲ್ಲೇನವಾ?” ಎಂದೆ.

“ಕೆಲಸ ಮುಗೀತು, ಹೋಗ್ರಿ ಅಂದ್ರು.”

ನನ್ನ ಕೈಯ ಸೌಟು ನಿಂತಿತು. ಆಕೆ ತಟ್ಟೆ ತುಂಬಿಸಿಕೊಂಡು ಕಟ್ಟೆಯ ಮೇಲೆ ಕುಳಿತಳು. ಸಮುದ್ರ ನೋಡುತ್ತ, ಅವಸರವೇ ಇಲ್ಲದೆ ಮೊದಲ ತುತ್ತು ತಿಂದು, “ಉಪ್ಪು ಚಲೋ ಬಿದ್ದೈತ್ರಿ,” ಎಂದಳು.

ಈಗ ಉಳಿದ ಊಟ ತರಲು ಎಲ್ಲಿಗೆ ಹೋದರೂ, ಅಡುಗೆ ಕೆಲಸದವರು ಉಂಡರೇ ಎಂದು ಮೊದಲು ಕೇಳುತ್ತೇನೆ.