ಶನಿವಾರದ ಅರ್ಧ ದಿನ ಮತ್ತು ಮೆಣಸಿನಕಾಯಿ ಹೊಗೆ

ಶಟರ್ ಇಳಿಸಿದ ಕೋಣೆಯಲ್ಲಿ ನಾನು ಇಂದಿಗೂ ಬಾಗಿಲ ಪಕ್ಕದಲ್ಲೇ ಕೂರುತ್ತೇನೆ. ಇದಕ್ಕೆ ಕಾರಣ ಸರ್ಕಾರ.

ಎಂಬತ್ತರ ದಶಕದ ಕೊನೆಯಲ್ಲಿ, ಬಿ.ಎ. ಮುಗಿಸಿ, ಹಾವೇರಿಯ ಕಾರ್ಮಿಕ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ವಾರದ ಕೆಲಸದ ವೇಳೆ ಕಡಿಮೆ ಮಾಡಿ ಶನಿವಾರ ಮಧ್ಯಾಹ್ನದಿಂದ ರಜೆ ಕೊಡಬಹುದೇ, ಮಾಲೀಕರನ್ನೂ ಸಂಘದವರನ್ನೂ ಕೂಡಿಸಿ ಕೇಳಿ ಎಂದು ಮೇಲಿನಿಂದ ಆದೇಶ ಬಂತು. ರಾಣೆಬೆನ್ನೂರಿನ ಹತ್ತಿ ಗಿರಣಿಯವರು ಚಹಾ ಕೊಟ್ಟು, ವಿಚಾರ ಮಾಡುತ್ತೇವೆ ಎಂದರು. ಆಮೇಲೆ ಬ್ಯಾಡಗಿ.

ಬ್ಯಾಡಗಿಯ ಸಭೆ ಒಬ್ಬ ಮೆಣಸಿನಕಾಯಿ ಸಾಹುಕಾರರ ಗೋದಾಮಿನಲ್ಲಿ. ಹೊರಗಿನ ಮಾರುಕಟ್ಟೆಯ ಹರಾಜಿನ ಗದ್ದಲ ಕೇಳಬಾರದೆಂದು ಶಟರ್ ಇಳಿಸಿದರು. ಸುತ್ತಲೂ ಸೂರಿನವರೆಗೆ ಚೀಲ, ಹಿಂಬಾಗಿಲಿಗೆ ಬೆನ್ನು ಮಾಡಿ ನಮ್ಮ ಸಾಹೇಬರು.

ತೊಟ್ಟು ಬಿಡಿಸುವ ಹೆಂಗಸರ ಪರವಾಗಿ ಮಾತಾಡಲು ಸಂಘದವರು ಕರ್ಜಗಿಯಿಂದ ರೈಲಿನಲ್ಲಿ ಬಂದುಹೋಗುವ ಒಬ್ಬ ತರುಣಿಯನ್ನು ಎಬ್ಬಿಸಿದರು.

"ಸಾಹೇಬ್ರ, ತೊಟ್ಟು ಬಿಡಿಸಿ ಬಿಡಿಸಿ ಕೈ ಉರಿತಾವ್ರಿ. ಎಷ್ಟ ತೊಳದ್ರೂ ಖಾರ ಹೋಗೂದಿಲ್ಲ, ಕೂಸಿನ್ನ ಮುಟ್ಟಾಕ ಬರೂದಿಲ್ಲ. ಐತವಾರ ಸಂಜಿಗೆ ತಣ್ಣಗಾಕ್ಕಾವು, ಅಷ್ಟೊತ್ತಿಗೆ ಕೂಸು ಮಲಗಿರತೈತಿ. ಶನಿವಾರ ಅರ್ಧಾ ದಿನಾ ಬಿಟ್ರ, ಐತವಾರ ಕೂಸಿನ್ನ ಎತ್ಕೊಂತೇನಿ."

ಸಾಹುಕಾರರು ನಕ್ಕರು. "ಯವ್ವಾ, ಬ್ಯಾಡಗಿ ಕಾಯಿಗೆ ಎಲ್ಲೈತಿ ಖಾರ? ಬರೇ ಬಣ್ಣ. ಊರ ಹೆಸರ ಕೆಡಸಬ್ಯಾಡ."

"ಹಂಗಾರ ಒಮ್ಮೆ ಕಣ್ಣಿಗೆ ಹಚ್ಕೋರಿ, ಸಾವ್ಕಾರ್ರ," ಎಂದ ಹಿಂದಿನಿಂದ ಒಬ್ಬ ಹಮಾಲ.

ಖಾರವಿಲ್ಲವೆಂಬುದು ಮಾಲೀಕರ ಅಭಿಪ್ರಾಯ ಎಂದು ಬರೆದುಕೊಳ್ಳಲು ಸಾಹೇಬರು ಹೇಳಿದರು. ಬರೆದುಕೊಂಡೆ.

ಅಷ್ಟರಲ್ಲಿ ಹಿಂದಿನ ಮನೆಯಿಂದ ಸಾಹುಕಾರರ ತಾಯಿ ಹಂಚಿನ ತುಂಬ ಕೆಂಡ ತಂದರು. ಸರ್ಕಾರದ ಜೀಪು ಬಾಗಿಲಿಗೆ ಬಂದಿದೆ, ಇಷ್ಟು ಜನ ಮಾಲು ನೋಡಿದ್ದಾರೆ, ದೃಷ್ಟಿ ತೆಗೆಯದೆ ಬಿಡುವುದುಂಟೆ? ಬೇರೆ ಊರಿನಲ್ಲಿ ನಾಲ್ಕು ಕಾಯಿ ಸಾಕು. ಅಲ್ಲಿ ಕೈಯಿಟ್ಟಲ್ಲಿ ಮೆಣಸಿನಕಾಯಿ. ಅಜ್ಜಿ ಬೊಗಸೆ ತುಂಬ ಕಾಯಿ ಹಿಡಿದು, ಮಗನಿಗೂ ಸಾಹೇಬರಿಗೂ ನಿವಾಳಿಸಿ, ಕೆಂಡಕ್ಕೆ ಸುರಿದು, ಹಂಚನ್ನು ಹಿಂಬಾಗಿಲ ಹತ್ತಿರ ಇಟ್ಟು, ಕಾಲು ತೊಳೆಯಲು ಹೋದರು.

ಘಾಟು ಬರದಿದ್ದರೆ ದೃಷ್ಟಿ ಜೋರಾಗಿ ತಾಗಿದೆ ಎಂದರ್ಥ. ನಮಗೆ ಯಾರ ದೃಷ್ಟಿಯೂ ತಾಗಿರಲಿಲ್ಲ.

ಕೆಮ್ಮುತ್ತ ಎದ್ದ ಸಾಹೇಬರ ಕುರ್ಚಿ ಹಂಚಿನ ಮೇಲೆ ಬಿತ್ತು. ಕೆಂಡ ಹಾರಿ, ಹಿಂಬಾಗಿಲಿನ ಖಾಲಿ ಚೀಲಗಳಿಗೆ ಬೆಂಕಿ ಹತ್ತಿತು. ಎಲ್ಲರೂ ಶಟರಿನ ಮೇಲೆ ಮುಗಿಬಿದ್ದೆವು. ನಾವು ಒತ್ತಿದಷ್ಟೂ ಅದು ಬಿಗಿಯಿತು. ಕಣ್ಣು ತೆರೆಯಲಾಗಲಿಲ್ಲ, ಉಸಿರು ಒಳಗೆ ಹೋಗಲಿಲ್ಲ. ಯಾರದೋ ಬೆನ್ನಿಗೆ ಹಣೆಯೊತ್ತಿ, ಹಿಂದೆ ಮೆಣಸಿನಕಾಯಿ ಚಟಪಟ ಎನ್ನುವುದನ್ನು ಕೇಳುತ್ತ ನಿಂತಿದ್ದೆ. ಮನೆಯಲ್ಲಿ ಒಗ್ಗರಣೆ ಹಾಕುವಾಗ ನಾನು ಈಗಲೂ ಅಂಗಳಕ್ಕೆ ಹೋಗುತ್ತೇನೆ.

"ಒತ್ತಬ್ಯಾಡ್ರಿ! ಎಲ್ಲಾರೂ ಕೆಳಗ ಕುಂದರ್ರಿ!"

ಆ ತರುಣಿಯ ಧ್ವನಿ. ಸರ್ಕಾರ, ಮಾಲೀಕರು, ಸಂಘ ಮೂವರೂ ಒಂದೇ ಮಾತಿಗೆ ಒಪ್ಪಿದ್ದು ಅದೊಂದೇ ಸಲ. ಕೂತೆವು. ಒತ್ತಡ ತಪ್ಪಿದ ಶಟರ್ ಎತ್ತಿದೊಡನೆ ಮೇಲೆದ್ದಿತು. ಹಮಾಲರು ಕೊಡಗಟ್ಟಲೆ ನೀರು ಸುರಿದು ಬೆಂಕಿ ಆರಿಸಿದರು.

ರಸ್ತೆಯ ಮೇಲೆ ಸಾಲಾಗಿ ಕೂತು ಅತ್ತೆವು. ಸಾಹುಕಾರರು ಕಣ್ಣಿಗೆ ಕೈ ಒಯ್ದರು.

"ಉಜ್ಜಬ್ಯಾಡ್ರಿ, ಕೈಯಾಗ ಐತಿ," ಎಂದಳು ಅವಳು. ತಡವಾಗಿತ್ತು.

ಸಾಹುಕಾರರು ಕಣ್ಣು ಮುಚ್ಚಿಕೊಂಡೇ ಕೇಳಿದರು. "ಇವತ್ತ ಯಾವ ವಾರ?"

"ಶನಿವಾರ್ರೀ."

"ಹೊಗಿ ಹೋಗೂತನಕ ಬಂದ್. ಮನೀಗೆ ಹೋಗ್ರಿ."

"ಮುಂದಿನ ಶನಿವಾರ ಏನ್ ಮಾಡೂದ್ರಿ?" ಎಂದಳು ಅವಳು. "ಅವ್ವಾರಿಗೆ ಹೇಳ್ರಿ, ವಾರಾ ವಾರಾ ದೃಷ್ಟಿ ತಗೀಲಿ."

ಹಮಾಲರು ಕೆಮ್ಮುತ್ತಲೇ ನಕ್ಕರು. ಸಾಹುಕಾರರು ನಗಲಿಲ್ಲ. ಇಲ್ಲ ಎಂದೂ ಅನ್ನಲಿಲ್ಲ.

ನಮ್ಮ ವರದಿಗೆ ಮೇಲಿನಿಂದ ಉತ್ತರ ಬರಲಿಲ್ಲ. ಆದರೆ ಮರುವರ್ಷ ಒಂದು ಶನಿವಾರ, ಊಟದ ಹೊತ್ತಿಗೆ, ಬ್ಯಾಡಗಿ ರೈಲು ನಿಲ್ದಾಣದಲ್ಲಿ, ಕೆಲಸ ಬಿಟ್ಟು ಮನೆಗೆ ಹೊರಟಿದ್ದ ಅವಳನ್ನು ಕಂಡೆ. ಕರ್ಜಗಿಯ ಗಾಡಿ ಇನ್ನೂ ಬಂದಿರಲಿಲ್ಲ. ಎರಡೂ ಕೈಗಳನ್ನು ನಲ್ಲಿಯ ಕೆಳಗೆ ಹಿಡಿದು ನಿಂತಿದ್ದಳು.

"ಐತವಾರ ಮುಂಜಾನಿಗೆ ತಣ್ಣಗಾಕ್ಕಾವ್ರಿ," ಎಂದಳು.