ಹುಳವಿಲ್ಲದ ಹುಳುಕಡ್ಡಿ

ಹರಿಹರದಲ್ಲಿ ನಮ್ಮ ಪಕ್ಕದ ಮನೆಯಲ್ಲಿ ರವಿಕೆ ಹೊಲಿಯುತ್ತಿದ್ದವರನ್ನು ಎಲ್ಲರೂ ಚಾಚಿ ಎನ್ನುತ್ತಿದ್ದರು. ಏನು ಹೇಳಿದರೂ ಕನ್ನಡಕವನ್ನು ಹಣೆಗೇರಿಸಿ, "ಅದ್ಯಾಕ ಹಂಗ?" ಎಂದು ಕೇಳುವುದು ಅವರ ರೂಢಿ. ಸೊಂಟದ ಸುತ್ತ ಹುಳುಕಡ್ಡಿ ಎದ್ದಾಗ ನಂಜೆಂದು ಬದನೆಕಾಯಿ ಬಿಟ್ಟರು, ಅಂಗಡಿಯ ಮುಲಾಮು ಹಚ್ಚಿದರು. ತುರಿಕೆ ನಿಂತಂತಾಗಿ ಮತ್ತೆ ಹಬ್ಬಿತು. ಮೊಮ್ಮಗಳನ್ನು ಎತ್ತಿಕೊಳ್ಳಲೂ ಹೆದರತೊಡಗಿದರು. ಕೊನೆಗೆ ನಾನೇ ಅವರನ್ನು ದಾವಣಗೆರೆಯ ಚರ್ಮದ ಡಾಕ್ಟರ ಬಳಿ ಕರೆದೊಯ್ದೆ.

ಡಾಕ್ಟರು ಚೀಟಿ ಬರೆದುಕೊಟ್ಟರೂ ಚಾಚಿ ಏಳಲಿಲ್ಲ. "ಹುಳ ಎಲ್ಲೈತ್ರಿ? ಒಂದ್ಸಲ ತೋರಸ್ರಿ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಹುಳ ಅಲ್ಲಮ್ಮ. ಉಪ್ಪಿನಕಾಯಿ ಮ್ಯಾಲೆ ಬೂಷ್ಟು ಬರತೈತಲ್ಲ, ಅದರ ಜಾತಿ. ಬೆವರು ನಿಂತಲ್ಲಿ ಬೆಳೀತೈತೆ. ತುರಿಕೆ ನಿಂತ್ರೂ ನಾ ಹೇಳೋತನಕ ಔಷಧಿ ಬಿಡಬ್ಯಾಡ್ರಿ."

"ಅದ್ಯಾಕ ಹಂಗ?"

"ತುರಿಕೆ ಮೊದ್ಲು ಹೋಗತೈತೆ, ಬೂಷ್ಟು ಆಮ್ಯಾಲೆ ಸಾಯತೈತೆ."

"ಮೊಮ್ಮಗಳನ್ನ ಎತ್ಕೋಬೋದಾ?"

"ಸೀರೆ ಮುಚ್ಚಿದ ಜಾಗ ಐತಲ್ಲ, ಎತ್ಕೋರಿ. ಟವೆಲ್, ಹಾಸಿಗೆ ಮಾತ್ರ ಬ್ಯಾರೆ ಇರ್ಲಿ."

ಹೊರಗೆ ಒಬ್ಬ ಹೆಂಗಸು ಸೆರಗಿನಿಂದ ಕುತ್ತಿಗೆ ಮುಚ್ಚಿಕೊಂಡು ಸರದಿಗೆ ಕಾಯುತ್ತಿದ್ದಳು; ಸೆರಗಿನಂಚಿನಲ್ಲಿ ಹುಳುಕಡ್ಡಿಯ ಕೆಂಪು ಉಂಗುರ ಇಣುಕುತ್ತಿತ್ತು. ತಮ್ಮ ಕಾಯಿಲೆಯನ್ನು ಸೊಸೆಗೂ ಹೇಳದಿದ್ದ ಚಾಚಿ ಅವಳ ಪಕ್ಕ ಕೂತು, "ನನಗೂ ಅದೇ ಆಗೈತ್ರಿ. ಹುಳ ಅಲ್ಲಂತ" ಎಂದರು.

ಆಕೆ ಮೆಲ್ಲಗೆ ಸೆರಗು ಸರಿಸಿದಳು. "ಮತ್ತೇನಂತ್ರಿ?"