ಒಂಬತ್ತನೇ ಕಾಲಂ

ಕೊಟ್ಟೂರಿನಲ್ಲಿ ಬರೀ ಸೋಮಶೇಖರ್ ಅಂದರೆ ಯಾರಿಗೂ ತಿಳಿಯುವುದಿಲ್ಲ, ಕನ್ನಡಿ ಸೋಮಣ್ಣ ಅನ್ನಬೇಕು. ‘ತಾಲೂಕು ಕನ್ನಡಿ’ ಅವರ ವಾರಪತ್ರಿಕೆ. ಬರೆಯುವವರು ಅವರೇ, ಪ್ರೂಫ್ ನೋಡುವವರು ಅವರೇ, ಗುರುವಾರ ಮೊಪೆಡ್‌ಗೆ ಕಟ್ಟು ಬಿಗಿದುಕೊಂಡು ಹರಪನಹಳ್ಳಿ, ಹಡಗಲಿವರೆಗೆ ಹಂಚುವವರೂ ಅವರೇ. ಇಪ್ಪತ್ತಾರು ವರ್ಷದಲ್ಲಿ ತಪ್ಪಾಯಿತೆಂದು ಒಂದೇ ಒಂದು ವಿಷಾದ ಅಚ್ಚು ಹಾಕಿಲ್ಲ ಎಂಬುದು ಅವರ ದೊಡ್ಡ ಹೆಮ್ಮೆ. ಅದನ್ನು ಕೇಳಿ ಕೇಳಿ ಚಹಾದಂಗಡಿಯವರ ಕಿವಿ ತೂತು ಬಿದ್ದಿದ್ದವು.

ಇಂಥವರ ಹೊಟ್ಟೆಗೆ ಕಿಚ್ಚು ಹಚ್ಚಿದವಳು ಸಿಮ್ರಾನ. ಮೆಕ್ಯಾನಿಕ್ ಜಮಾಲುದ್ದೀನನ ಮಗಳು, ಸೋಮಣ್ಣನ ಪತ್ರಿಕೆಯಷ್ಟೇ ವಯಸ್ಸಿನವಳು. ಮೊಬೈಲ್ ಹಿಡಿದು ಯೂಟ್ಯೂಬಿನಲ್ಲಿ ಸುದ್ದಿ ಹೇಳುತ್ತಾಳೆ. ಸಭೆಗಳಲ್ಲಿ ಈಗ ಮೊದಲ ಕುರ್ಚಿ ಅವಳಿಗೇ. ಅದೂ ಹಾಳಾಗಿ ಹೋಗಲಿ, ಸೋಮಣ್ಣನ ಹೆಂಡತಿ ಗಂಗಾಂಬಿಕಾ ರೊಟ್ಟಿ ಬಡಿಯುತ್ತ ಕೇಳುವುದೂ ಅವಳ ಸುದ್ದಿಯನ್ನೇ. ಸ್ವಂತ ಅಡುಗೆಮನೆಯಲ್ಲೇ ಹೀಗಾದರೆ ಯಾರಿಗೆ ಉರಿಯುವುದಿಲ್ಲ ಹೇಳಿ!

ಅಷ್ಟರಲ್ಲಿ ಸರ್ಕಾರ ಪತ್ರಕರ್ತರ ನೀತಿಗೆಂದು ಹೊಸ ನಿಯಮ ತಂದಿತು. ತಾಲೂಕಿಗೆ ಒಬ್ಬರಿಗೆ ಮಾತ್ರ ಮಾನ್ಯತೆ, ಅದೂ ಅರ್ಜಿಗೆ ಹೆಚ್ಚು ಅಂಕ ಬಂದವರಿಗೆ. ಅದು ತಮ್ಮದೇ ಎಂದುಕೊಂಡು ಸೋಮಣ್ಣ ಅರ್ಜಿ ತುಂಬಿದರು. ಒಂಬತ್ತನೇ ಕಾಲಂ: ‘ಪ್ರಕಟಿಸಿದ ತಿದ್ದುಪಡಿಗಳ ಪ್ರತಿ ಲಗತ್ತಿಸಿ.’ ‘ಇಲ್ಲ’ ಎಂದು ದಪ್ಪಗೆ ಬರೆದು ಎರಡು ಗೆರೆ ಎಳೆದರು.

ಜಿಲ್ಲಾ ಕಚೇರಿಯ ಗುಮಾಸ್ತೆ ಭಾಗ್ಯ ನೋಡಿದಳು. “ಸರ್, ಇಲ್ಲ ಅಂದ್ರ ಇಲ್ಲಿ ಸೊನ್ನಿ ಬೀಳ್ತೈತ್ರಿ.”

“ತಪ್ಪು ಮಾಡಿದ್ರಲ್ಲೇನವ್ವ ತಿದ್ದಾದು?”

“ತಪ್ಪು ಯಾರು ಮಾಡಂಗಿಲ್ರಿ? ತಿದ್ಕೊಂಡಿದ್ದು ಎಷ್ಟೈತಿ ಅಂತ ನೋಡ್ತಾರ. ಸಿಮ್ರಾನ ಹತ್ತೊಂಬತ್ತು ಕೊಟ್ಟಾಳ.”

ಹತ್ತೊಂಬತ್ತು! ಆ ಹುಡುಗಿಯ ತಪ್ಪಿಗೂ ಬೆಲೆ, ತಮ್ಮ ಶುದ್ಧ ಬರಹಕ್ಕೆ ಸೊನ್ನೆ. ಆಕ್ಷೇಪಣೆ ಇದ್ದವರು ಯಾರ ಫೈಲನ್ನಾದರೂ ನೋಡಬಹುದೆಂಬ ನಿಯಮವಿತ್ತು. ಅವಳದ್ದನ್ನು ಎಳೆದುಕೊಂಡು ಹುಳುಕು ಹುಡುಕಲು ಕುಳಿತರು. ಊರಿನ ಹೆಸರು ತಪ್ಪಿದ್ದು, ತಾರೀಖು ತಪ್ಪಿದ್ದು, ಓದುತ್ತ ಓದುತ್ತ ಖುಷಿಯೇ ಆಯಿತು. ಹದಿನೇಳನೆಯದರಲ್ಲಿ ಹೊಳಲಿನ ಹಂಪಕ್ಕನ ಫೋಟೊ ಇತ್ತು.

ಹಂಪಕ್ಕ ಅಂಗನವಾಡಿ ಕಾರ್ಯಕರ್ತೆ. ಮಕ್ಕಳ ಮೊಟ್ಟೆಯನ್ನು ಸಂತೆಯಲ್ಲಿ ಮಾರಿದಳೆಂದು ಹನ್ನೊಂದು ವರ್ಷದ ಹಿಂದೆ ಮೊದಲ ಪುಟದಲ್ಲಿ ಹಾಕಿದ್ದು ‘ಕನ್ನಡಿ’ಯೇ. ಆಕೆಯ ತಪ್ಪೇನಿಲ್ಲ ಎಂದು ತನಿಖೆಯಾಗಿ ಬಂದ ಕಾಗದ ಸೋಮಣ್ಣನ ಡ್ರಾಯರ್ ಸೇರಿತ್ತು. ಫೋಟೊದ ಕೆಳಗೆ ಸಿಮ್ರಾನಳ ಮಾತಿತ್ತು: ‘ಇದನ್ನು ನಾವು ಬರೆದಿದ್ದಲ್ಲ. ಬರೆದವರು ತಿದ್ದಲಿಲ್ಲ, ಅದಕ್ಕೆ ನಾವು ತಿದ್ದುತ್ತಿದ್ದೇವೆ.’ ಪತ್ರಿಕೆಯ ಹೆಸರು ಹೇಳಿರಲಿಲ್ಲ.

ನಾಚಿಕೆ ಆಮೇಲೆ ಬಂತು. ಮೊದಲು ಬಂದದ್ದು ಹೊಟ್ಟೆಕಿಚ್ಚೇ. ತಪ್ಪು ನನ್ನದು, ಅಂಕ ಅವಳಿಗಾ? ಸರಸರ ಬರೆದರು: ‘ಹದಿನೇಳನೆಯ ತಪ್ಪು ಸಿಮ್ರಾನಳದ್ದಲ್ಲ. ಲೆಕ್ಕಕ್ಕೆ ಹಿಡಿಯಬಾರದು.’

ಭಾಗ್ಯ ಓದಿ ತಿರುಗಿ ಕೊಟ್ಟಳು. “ಮತ್ತ ಯಾರದು ಅಂತ ಬರೀರಿ ಸರ್. ಇಲ್ಲಾಂದ್ರ ಆಕ್ಷೇಪಣಿ ತಗೊಳಂಗಿಲ್ಲ.”

ಸೋಮಣ್ಣ ಹಾಳೆಯನ್ನು ಮತ್ತೆ ಎಳೆದುಕೊಂಡರು. ಬರೆದರೆ ಇಪ್ಪತ್ತಾರು ವರ್ಷದ ಹೆಮ್ಮೆ ಹೋಗುತ್ತದೆ, ಬಿಟ್ಟರೆ ಅವಳು ಗೆಲ್ಲುತ್ತಾಳೆ. ಬಿಡಲು ಹೊಟ್ಟೆ ಒಪ್ಪಲಿಲ್ಲ. ‘ನನ್ನದು’ ಎಂದು ಬರೆದರು. ಬರೆದ ಮೇಲೆ ಪೆನ್ನು ನಿಲ್ಲಲಿಲ್ಲ. ಹಂಪಕ್ಕ ಎರಡು ಸಲ ಮನೆಗೆ ಬಂದಿದ್ದು, ಹೊಸ್ತಿಲಾಚೆಯೇ ನಿಲ್ಲಿಸಿ ಕಳಿಸಿದ್ದು, ಆ ಕಾಗದ, ಆ ಡ್ರಾಯರ್, ಎಲ್ಲ ಹಾಳೆಗೆ ಬಂತು.

“ಇದನ್ನ ಒಂಬತ್ತನೇ ಕಾಲಂಗೆ ಹಚ್ಲೇನ್ರಿ? ನಿಮ್ದೂ ಒಂದಾಗ್ತೈತಿ” ಅಂದಳು ಭಾಗ್ಯ.

“ಬ್ಯಾಡವ್ವ. ಗುರುವಾರ ಮೊದಲ್ನೇ ಪುಟದಾಗ ಬರ್ತೈತಿ. ಹೊಳಲಿಗೆ ಮೊದ್ಲು ಒಯ್ಯಬೇಕು.” ಹಾಳೆ ಮಡಚಿ ಜೇಬಿಗಿಟ್ಟುಕೊಂಡರು.

“ಆಕ್ಷೇಪಣಿ?”

“ಅವಳ ಹತ್ತೊಂಬತ್ತೂ ಇರ್ಲಿ ಬಿಡು.”

ಬಾಗಿಲು ದಾಟಿದವರು ತಡೆಯಲಾರದೆ ಹಿಂದಿರುಗಿದರು. “ಹದಿನೇಳನೇದರ ಮುಂದ ಮಾತ್ರ ನನ್ನ ಹೆಸರು ಬರ್ಕೊ.”